ಬರುತ್ತಂತೆ

2025ರ ದೀಪಾವಳಿಗೆ ಬನಶಂಕರಿ ಎರಡನೇ ಹಂತದ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಮಹಡಿ ಹತ್ತಿದರೆ ಅವಳ ಮಗ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿಟ್ಟು, ಪೇಂಟ್ ಬ್ರಷ್ಷಿನಿಂದ ಒಳಗಿನ ಧೂಳು ಕೊಡವುತ್ತ ಕೂತಿದ್ದ. ಹೊಸ ಗ್ರಾಫಿಕ್ಸ್ ಕಾರ್ಡಿಗೆಂದು ಅಕ್ಕ ಚೀಟಿ ಎತ್ತಿ ಎರಡು ತಿಂಗಳಾಗಿತ್ತು. ಒಳಗೆ ಇನ್ನೂ ಹಳೆಯ ಕಾರ್ಡೇ ಇತ್ತು.

"ಇನ್ನೂ ತಗೊಂಡಿಲ್ವೇನೋ?"

"ಇಲ್ಲ ಮಾವ. ಈಗ ತಗೊಂಡ್ರೆ ದಡ್ಡತನ. ಜನವರಿಗೆ ಸೂಪರ್ ಬರುತ್ತಂತೆ. ಹದಿನೆಂಟು ಜಿಬಿಯಂತೆ. ರೇಟೂ ಹೆಚ್ಚೇನಿರಲ್ವಂತೆ."

ಮೂರು ವಾಕ್ಯ, ಮೂರು ಅಂತೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಕಾರ್ಡಿಗಿಂತ ಮೊದಲು ಕಿವಿಗೆ ಬಿದ್ದದ್ದು ಈ ಅಂತೆಗಳು. ಆಮೇಲಿನ ನಾಲ್ಕು ತಿಂಗಳು ಅವನು ಕಳಿಸಿದ್ದನ್ನೆಲ್ಲ ಓದಿದೆ, ನೋಡಿದೆ. ಇನ್ನೂ ಹುಟ್ಟದ ಕಾರ್ಡುಗಳ ಬಗ್ಗೆ ಲೋಕದಲ್ಲಿ ಇಷ್ಟೊಂದು ಬರವಣಿಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ದಿನವೂ ಬರೆಯುವವರಿದ್ದಾರೆ, ದಿನವೂ ಓದುವವರು ಅವರಿಗಿಂತ ಹೆಚ್ಚಿದ್ದಾರೆ. ಇಷ್ಟು ಜನ ಓದುವ ಪ್ರಕಾರವೊಂದನ್ನು ಸಾಹಿತ್ಯದವರು ತಿರುಗಿಯೂ ನೋಡದಿರುವುದು ನಮ್ಮ ಹಳೆಯ ಚಾಳಿ. ಪತ್ತೇದಾರಿ ಕಾದಂಬರಿಯನ್ನೂ ಹೀಗೇ ಬಿಟ್ಟಿದ್ದೆವು.

ವಿಷಯ ತಿಳಿಯದವರಿಗೆ ಒಂದೆರಡು ಮಾತು. ಗ್ರಾಫಿಕ್ಸ್ ಕಾರ್ಡ್ ಎಂದರೆ ಕಂಪ್ಯೂಟರಿನಲ್ಲಿ ಚಿತ್ರದ ಲೆಕ್ಕಾಚಾರ ಮಾಡುವ ಹಲಗೆ. ಆಟ ಆಡುವವರಿಗೆ ಅದು ಬೇಕು, ಆ್ಯನಿಮೇಷನ್ ಮಾಡುವವರಿಗೆ ಅದಿಲ್ಲದೆ ಆಗುವುದೇ ಇಲ್ಲ. ನನ್ನ ಅಳಿಯ ಎರಡನೆಯ ಪೈಕಿ. ಕೊನೆಯ ವರ್ಷಕ್ಕೆ ಅವನು ಮೂರು ನಿಮಿಷದ ಚಿತ್ರ ಮಾಡಬೇಕಿತ್ತು: ಲಾಲ್‌ಬಾಗಿನ ಬಂಡೆಯ ಮೇಲಿನ ಕೆಂಪೇಗೌಡ ಗೋಪುರ, ರಾತ್ರಿ, ಮಳೆ. ಬಂಡೆ, ಗೋಪುರ, ಕೆಳಗಿನ ಊರಿನ ದೀಪಗಳು, ಹನಿಗಳು ಎಲ್ಲವೂ ಕಾರ್ಡಿನ ನೆನಪಿನೊಳಗೆ ಒಟ್ಟಿಗೆ ಹಿಡಿಯಬೇಕು. ಅವನ ಹಳೆಯ ಕಾರ್ಡಿಗಿದ್ದದ್ದು 6 ಜಿಬಿ. ಮಳೆ ಶುರುವಾದ ಕೂಡಲೇ ಕಂಪ್ಯೂಟರ್ ಕೈಚೆಲ್ಲುತ್ತಿತ್ತು. ಎನ್ವಿಡಿಯಾದ ಆರ್‌ಟಿಎಕ್ಸ್ 5070 ಆಗಲೇ ಅಂಗಡಿಯಲ್ಲಿತ್ತು. ಅದಕ್ಕೆ 12 ಜಿಬಿ, ಬಿಡುಗಡೆಯಾದಾಗ ಇಲ್ಲಿನ ಬೆಲೆ 59,000 ರೂಪಾಯಿ. ಚೀಟಿ ಹಣ ಅದಕ್ಕೆ ಸರಿಯಾಗಿ ಸಾಲುತ್ತಿತ್ತು. ನಡುವೆ ಬಂದು ನಿಂತದ್ದು ಆ ಹದಿನೆಂಟು.

ಅಂತೆಗೆ ಬರೋಣ. ಕೇಳಿದ ಮಾತು ಇದು, ನಾನು ಕಂಡದ್ದಲ್ಲ ಎಂದು ಹೇಳಲು ಬೇರೆ ಭಾಷೆಯವರು ಒಂದು ವಾಕ್ಯವನ್ನೇ ಖರ್ಚು ಮಾಡುತ್ತಾರೆ. ನಮಗೆ ಕ್ರಿಯಾಪದದ ಬಾಲಕ್ಕೆ ಎರಡಕ್ಷರ ಅಂಟಿಸಿದರೆ ಮುಗಿಯಿತು. ಬಂತು ಎಂದರೆ ಕಂಡೆ, ಬಂತಂತೆ ಎಂದರೆ ಕೇಳಿದೆ. ಅಜ್ಜಿ ಕತೆ ಶುರು ಮಾಡುವುದೂ ಇದರಿಂದಲೇ. ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ. ಅಲ್ಲಿ ಅಂತೆ ಒಂದು ಒಪ್ಪಂದ. ರಾಜ ಇದ್ದನೋ ಇಲ್ಲವೋ ನೀನು ಕೇಳಬೇಡ, ನಾನು ಹೇಳುವುದಿಲ್ಲ, ಇಬ್ಬರೂ ಮುಂದೆ ಹೋಗೋಣ. ಕತೆ ಮುಗಿದಾಗ ಯಾರ ಜೇಬಿನಿಂದಲೂ ಏನೂ ಹೋಗಿರುವುದಿಲ್ಲ. ಅದೇ ಅಂತೆ ಸಂತೆಗೆ ಬಂದಾಗ ಒಪ್ಪಂದದ ಅರ್ಧ ಭಾಗ ಮಾತ್ರ ಉಳಿಯುತ್ತದೆ. ಹೇಳಿದವನು ಹೊಣೆಯಿಂದ ಪಾರು. ಕೇಳಿದವನು ಮಾತ್ರ ಕೊಳ್ಳದೆ ಕೂತಿರುತ್ತಾನೆ.

ಆದರೂ ಹುಡುಗ ಬಾಯಲ್ಲಿ ಹೇಳುವಾಗ ಅಂತೆಯನ್ನು ಬಿಡಲಿಲ್ಲ ಎಂಬುದನ್ನು ಗಮನಿಸಿ. ಮಾತಿನ ಕನ್ನಡಕ್ಕೆ ಆ ಮಟ್ಟಿಗೆ ಪ್ರಾಮಾಣಿಕತೆ ಇದೆ. ಕೆಡುವುದು ಬರಹಕ್ಕಿಳಿದಾಗ. ತಂತ್ರಜ್ಞಾನದ ಸುದ್ದಿ ಬರೆಯುವ ಕನ್ನಡಕ್ಕೆ ಅಂತೆ ಎಂದರೆ ನಾಚಿಕೆ; ಅದು ಅಡುಗೆಮನೆಯ ಪದ. ಅದರ ಜಾಗದಲ್ಲಿ ಎನ್ನಲಾಗಿದೆ ಬಂದು ಕೂರುತ್ತದೆ. ಎನ್ನಲಾಗಿದೆಯಲ್ಲಿ ಅಂದವನೇ ಇಲ್ಲ. ಅಂತೆ ಎಂದವಳಿಗೆ 'ಯಾರು ಹೇಳಿದರೇ?' ಎಂದು ಕೇಳಬಹುದು, ಎದುರುಮನೆಯವಳು ಎಂದಾದರೂ ಉತ್ತರ ಬರುತ್ತದೆ. ಎನ್ನಲಾಗಿದೆಯನ್ನು ಹಾಗೆ ಕೇಳಲು ಬಾಯಿಯೇ ಬರುವುದಿಲ್ಲ, ಸರ್ಕಾರಿ ಆದೇಶದಂತೆ ಗಂಭೀರವಾಗಿ ನಿಂತಿರುತ್ತದೆ. ಎರಡು ದಿನ ಕಳೆದರೆ ಅದೂ ಉದುರಿ 'ಹೊಂದಿರಲಿದೆ' ಆಗುತ್ತದೆ. ಕೊನೆಗೆ ಕೋಷ್ಟಕ. ಎಡಗಡೆ ಅಂಗಡಿಯಲ್ಲಿರುವ ಕಾರ್ಡು, ಬಲಗಡೆ ಇಲ್ಲದ ಕಾರ್ಡು. ಎರಡರ ಮುಂದೆಯೂ ಒಂದೇ ಅಕ್ಷರಗಾತ್ರದ ಅಂಕಿಗಳು. ಕೋಷ್ಟಕಕ್ಕೆ ಅಂತೆ ಅಂಟುವುದಿಲ್ಲ. ಅಳಿಯ ನನಗೆ ತೋರಿಸಿ ತೋರಿಸಿ ಒಪ್ಪಿಸಲು ನೋಡಿದ್ದು ಇಂಥದ್ದೇ ಒಂದು ಕೋಷ್ಟಕವನ್ನು.

ಇನ್ನು ಈ ಪ್ರಕಾರದ ಮೂಲಪುರುಷರು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯ ಕಾರ್ಣಿಕವನ್ನು ನೀವು ನೋಡಿರಬಹುದು, ಇಲ್ಲವೇ ಮರುದಿನ ಪತ್ರಿಕೆಯಲ್ಲಿ ಓದಿರಬಹುದು. ಗೊರವಯ್ಯ ಬಿಲ್ಲೇರುತ್ತಾನೆ, 'ಸದ್ದಲೇ' ಎನ್ನುತ್ತಾನೆ, ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿಹಿಡಿಯುತ್ತದೆ, ಒಂದೇ ಒಂದು ಸಾಲು ನುಡಿದು ಮೇಲಿಂದ ಬೀಳುತ್ತಾನೆ. ಕೆಳಗಿರುವವರು ಆ ಸಾಲಿಗೆ ಮಳೆ ಎನ್ನುತ್ತಾರೆ, ಬೆಳೆ ಎನ್ನುತ್ತಾರೆ, ಸರ್ಕಾರ ಬೀಳುತ್ತದೆ ಎನ್ನುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಲೋಕದಲ್ಲೂ ಹೀಗೆ ಒಂದೊಂದೇ ಸಾಲು ನುಡಿಯುವ ಖಾತೆಗಳಿವೆ. ಎಲ್ಲಕ್ಕಿಂತ ಹೆಸರಾದದ್ದು ಕೊಪೈಟ್7ಕಿಮಿ ಎಂಬ ಮರೆಹೆಸರು. ಒಂದು ಅಂಕಿ, ಒಂದು ಚಿಪ್ಪಿನ ಸಂಕೇತ, ಅಷ್ಟೇ ಬರೆಯುತ್ತದೆ. ಉಳಿದದ್ದು ವ್ಯಾಖ್ಯಾನಕಾರರ ಕೆಲಸ. ಒಂದು ಸಾಲಿಗೆ ಹನ್ನೆರಡು ನಿಮಿಷದ ವಿಡಿಯೊ ಹೊಸೆಯುವ ಇವರ ಕಸುಬನ್ನು ನೋಡಿದರೆ ನಮ್ಮ ಟೀಕಾಚಾರ್ಯರು ನೆನಪಾಗುತ್ತಾರೆ.

ಆ ಸಾಲುಗಳು ಬರೀ ಸುಳ್ಳು ಎಂದು ತಳ್ಳಿಹಾಕಿದರೆ ಅನ್ಯಾಯವಾದೀತು. 2025ರ ಜನವರಿಯಲ್ಲಿ ಆರ್‌ಟಿಎಕ್ಸ್ 5090 ಪ್ರಕಟವಾದಾಗ ಅದರ 32 ಜಿಬಿ ನೆನಪು, 512 ಬಿಟ್ ಅಗಲ ಎರಡೂ ತಿಂಗಳುಗಳ ಹಿಂದೆಯೇ ಹರಿದಾಡಿದ್ದ ಅಂಕಿಗಳೇ ಆಗಿದ್ದವು. 4090ರ ಕತೆ ಇನ್ನೂ ಸ್ವಾರಸ್ಯದ್ದು. 2022ರ ಆರಂಭದಲ್ಲಿ ಅದು 600 ವ್ಯಾಟ್ ನುಂಗುತ್ತದೆಂದು ಗುಲ್ಲೆದ್ದಿತು. ಅಕ್ಟೋಬರಿನಲ್ಲಿ ಬಂದದ್ದು 450 ವ್ಯಾಟಿನ ಕಾರ್ಡು. ಬಿಡುಗಡೆಗೆ ಮುಂಚೆಯೇ ಅಂಕಿ ಇಳಿದಿತ್ತು ನಿಜ. ಆದರೆ 600 ಎಂದು ನಂಬಿ ದೊಡ್ಡ ಎಸ್‌ಎಂಪಿಎಸ್ ತಂದಿಟ್ಟುಕೊಂಡವನಿಗೆ ಈ ತಿದ್ದುಪಡಿಯಿಂದ ಏನಾಗಬೇಕು? ಮೈಲಾರದ ಗೊರವಯ್ಯನಿಗೆ ಒಂದು ಊರಿದೆ, ಒಂದು ದಿನವಿದೆ, ನೋಡಿ ಗುರುತಿಸುವ ಮುಖವಿದೆ. ಮುಂದಿನ ವರ್ಷ ಅದೇ ಜನ ಅದೇ ಬಯಲಿಗೆ ಬಂದು, ಹೋದ ಸಲ ಏನಂದಿದ್ದ, ಏನಾಯಿತು ಎಂದು ಮಾತಾಡಿಕೊಳ್ಳುತ್ತಾರೆ. ನಮ್ಮ ವ್ಯಾಖ್ಯಾನಕಾರರಿಗೆ ಹೋದ ಸಲ ಎಂಬುದೇ ಇಲ್ಲ.

ನನಗೆ ಬಹಳ ಅಚ್ಚರಿ ತಂದದ್ದು, ಈ ಲೋಕವ್ಯಾಪಿ ಗುಸುಗುಸುವಿನ ಒಂದು ಬುಗ್ಗೆ ನಮ್ಮ ಊರಿನಲ್ಲೇ ಇತ್ತು ಎಂಬುದು. ಸುಮಾರು ಹತ್ತು ವರ್ಷದ ಹಿಂದೆ ಝೌಬಾ ಎಂಬ ಭಾರತದ ಜಾಲತಾಣದಲ್ಲಿ ನಮ್ಮ ಕಸ್ಟಮ್ಸಿನ ಆಮದು ದಾಖಲೆಗಳು ಸಿಗುತ್ತಿದ್ದವು. ಚಿಪ್ಪಿನ ಕಂಪನಿಗಳು ಇನ್ನೂ ಪ್ರಕಟಿಸದ ಕಾರ್ಡುಗಳ ಪರೀಕ್ಷಾ ಹಲಗೆಗಳನ್ನು ಬೆಂಗಳೂರು, ಹೈದರಾಬಾದುಗಳ ತಮ್ಮ ಕಚೇರಿಗಳಿಗೆ ತರಿಸಿಕೊಳ್ಳುತ್ತಿದ್ದವು. ದಾಖಲೆಯಲ್ಲಿ ಸಾಮಾನಿನ ವಿವರ, ಸಂಕೇತನಾಮ, ರೂಪಾಯಿಯಲ್ಲಿ ಘೋಷಿತ ಮೌಲ್ಯ. ಅಮೆರಿಕದ, ಜರ್ಮನಿಯ ಹುಡುಗರು ರಾತ್ರಿಯೆಲ್ಲ ಕೂತು ನಮ್ಮ ಸುಂಕದ ಕಡತ ಓದುತ್ತಿದ್ದರು. ರೂಪಾಯಿಯನ್ನು ಡಾಲರಿಗೆ ಭಾಗಿಸಿ ಕಾರ್ಡಿನ ಬೆಲೆ ಇಷ್ಟು ಎನ್ನುತ್ತಿದ್ದರು. ಸುಂಕಕ್ಕೆ ಬರೆಸಿದ ಮೌಲ್ಯಕ್ಕೂ ಅಂಗಡಿಯ ಬೆಲೆಗೂ ಎತ್ತಣ ಸಂಬಂಧ? ಮನೆಯ ನೋಂದಣಿ ಬೆಲೆ ನೋಡಿ ಜಯನಗರದಲ್ಲಿ ಸೈಟು ಕೇಳಲು ಹೋದ ಹಾಗೆ. ಆದರೂ ಆ ಕಾಲದ ವದಂತಿಗೆ ಒಂದು ಘನತೆ ಇತ್ತು ಎನ್ನುತ್ತೇನೆ. ಅದರ ಹಿಂದೆ ನಾನೂ ನೀವೂ ತೆರೆದು ನೋಡಬಹುದಾದ ಕಾಗದವೊಂದಿತ್ತು. ಅರ್ಥ ತಪ್ಪಿರಬಹುದು, ಪಠ್ಯ ಮಾತ್ರ ಎಲ್ಲರ ಮುಂದಿತ್ತು.

ಇನ್ನೊಂದು ಪ್ರಸಂಗವನ್ನು ನಮ್ಮೂರಿನವರು ಮರೆತಿರುವುದು ನನಗೆ ಬೇಸರ. 2019ರ ಡಿಸೆಂಬರಿನಲ್ಲಿ, ಇಂಟೆಲ್‌ನ ಗ್ರಾಫಿಕ್ಸ್ ವಿಭಾಗದ ಮುಖ್ಯಸ್ಥರಾಗಿದ್ದ ರಾಜಾ ಕೊಡೂರಿ ಬೆಂಗಳೂರಿನ ತಂಡದ ಬಗ್ಗೆ ಟ್ವೀಟ್ ಮಾಡಿದರು. ಭಾರತದಲ್ಲಿ ವಿನ್ಯಾಸಗೊಂಡ ಅತಿ ದೊಡ್ಡ ಸಿಲಿಕಾನ್ ಆಗಲಿರುವ ಚಿಪ್ಪಿನ ದಾರಿಯಲ್ಲಿ ತಂಡ ಮಹತ್ವದ ಘಟ್ಟ ದಾಟಿದೆ, ತಂಡದವರು ಅದನ್ನು ಎಲ್ಲದರ ಬಾಪ್ ಎನ್ನುತ್ತಾರೆ ಎಂಬುದು ಅದರ ಸಾರ. ಬಾಪ್! ಇದರಪ್ಪನಂಥದ್ದು ಎಂದು ನಾವು ಅನ್ನುವುದಿಲ್ಲವೇ, ಅದೇ ಧಾಟಿ. ಪ್ರಪಂಚದ ತಂತ್ರಜ್ಞಾನ ಪತ್ರಕರ್ತರೆಲ್ಲ ಆ ವಾರ ಬಾಪ್ ಎಂದರೇನೆಂದು ವಿವರಿಸಿದರು. ಎಕ್ಸ್‌ಇ ಎಚ್‌ಪಿ ಎಂಬ ಆ ಚಿಪ್ಪು ದೊಡ್ಡ ದತ್ತಾಂಶ ಕೇಂದ್ರಗಳಿಗೆಂದು ಮಾಡಿದ್ದು. ಅದು ಯಾರಿಗೆ ಬೇಕು? ಆಟದ ಹುಡುಗರು ಅದನ್ನು ತಮ್ಮ ಮೇಜಿನ ಮೇಲೆ ತಂದು ಕೂರಿಸಿಕೊಂಡರು, ಎನ್ವಿಡಿಯಾದ ಸೊಕ್ಕು ಮುರಿಯುವ ಕಲಿ ಬೆಂಗಳೂರಿನಲ್ಲಿ ಹುಟ್ಟಿದ ಎಂದರು. 2020ರಲ್ಲಿ ಪೆನ್ ಟಾರ್ಚಿನ ಸೆಲ್ಲಿನಷ್ಟು ಬ್ಯಾಟರಿಯೊಂದನ್ನು ಪಕ್ಕಕ್ಕಿಟ್ಟು ತೆಗೆದ ಅದರ ಫೋಟೊ ಬಂತು. ಗಾತ್ರ ಕಂಡು ಇನ್ನಷ್ಟು ಕತೆ ಹುಟ್ಟಿತು. 2021ರ ಅಕ್ಟೋಬರಿನ ಕೊನೆಯಲ್ಲಿ ಕೊಡೂರಿಯವರೇ, ಎಕ್ಸ್‌ಇ ಎಚ್‌ಪಿಯನ್ನು ಮಾರಾಟಕ್ಕೆ ತರುವುದಿಲ್ಲವೆಂದು ತಿಳಿಸಿದರು. ಅದರಿಂದ ಕಲಿತದ್ದು ಬೇರೆ ಚಿಪ್ಪುಗಳಿಗೆ ಹೋಯಿತು.

ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಚಿಪ್ಪು ಇತ್ತು, ಓಡಿತು, ಅದನ್ನು ಮಾಡಿದವರು ನಮ್ಮ ಬಿಟಿಎಂ ಲೇಔಟ್, ಜೆಪಿ ನಗರಗಳಿಂದ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತು ಹೋಗಿ ಬರುವಂಥ ಜನ. ಕತೆ ಮಾತ್ರ ವಸ್ತುವಿಗಿಂತ ನೂರು ಪಾಲು ಹೆಚ್ಚು ಜನರನ್ನು ತಲುಪಿತು. ಅಷ್ಟು ಶ್ರಮದ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಬರಹ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಸುದ್ದಿಬರಹಕ್ಕೆ 'ದೈತ್ಯ', 'ರಾಕ್ಷಸ', 'ಧೂಳೆಬ್ಬಿಸಲಿದೆ' ಇವು ಸಾಕು. ಸಿನಿಮಾ ಪೋಸ್ಟರಿನಿಂದ ಎತ್ತಿಕೊಂಡ ಪದಗಳು. ಕೆಲಸ ಮಾಡಿದವರ ಕೈ ಅದರಲ್ಲಿ ಎಲ್ಲೂ ಕಾಣದು.

ಅಂಥವರೊಬ್ಬರು ನನಗೆ ಗೊತ್ತು. ಬಿಟಿಎಂ ಎರಡನೇ ಹಂತದವರು, ಚಿಪ್ಪುಗಳ ತಪ್ಪು ಹುಡುಕುವುದು ಅವರ ಕೆಲಸ. ಭಾನುವಾರ ಬೆಳಿಗ್ಗೆ ಜಯನಗರದ ದರ್ಶಿನಿಯೊಂದರಲ್ಲಿ ನಾವು ಸೇರುತ್ತೇವೆ. ನವೆಂಬರಿನಲ್ಲಿ ಒಮ್ಮೆ ಅಳಿಯನನ್ನೂ ಕರೆದುಕೊಂಡು ಹೋದೆ. "ಅಂಕಲ್, ಸೂಪರ್ ಬರುತ್ತಾ?" ಎಂದ. ಅವರು ನಕ್ಕು, "ಇನ್ನೊಂದು ಸ್ವಲ್ಪ ಚಟ್ನಿ ಹಾಕಿ" ಎಂದು ಕೌಂಟರಿನ ಕಡೆ ತಟ್ಟೆ ಚಾಚಿದರು. ಅವರು ಆ ಕಂಪನಿಯವರೂ ಅಲ್ಲ. ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿ ಹಾಕಿ ಈಗ ಬೇರೆಯವರ ಗುಟ್ಟಿಗೂ ಬಾಯಿ ಕಟ್ಟಿಹೋಗಿದೆ. ಕಾಫಿ ಬಂದ ಮೇಲೆ ಒಂದು ಸಾಮಾನ್ಯ ಮಾತು ಹೇಳಿದರು, ನನಗೆ ಅದು ಈ ಪ್ರಕಾರವನ್ನು ಓದುವ ಬೀಗದ ಕೈಯಾಯಿತು. ಚಿಪ್ಪಿನ ವಿನ್ಯಾಸ ಅಂಗಡಿಗೆ ಬರುವುದಕ್ಕೆ ಬಹಳ ಮುಂಚೆಯೇ ಗಟ್ಟಿಯಾಗಿರುತ್ತದೆ, ಸಾವಿರಾರು ಜನಕ್ಕೆ ಗೊತ್ತಿರುತ್ತದೆ, ಆ ಸುದ್ದಿ ಸೋರಿದರೆ ನಂಬಬಹುದು. ಎಷ್ಟು ನೆನಪು, ಎಷ್ಟು ವ್ಯಾಟ್ ಎಂಬುದು ಆಮೇಲೂ ಅಲುಗಾಡುತ್ತಿರುತ್ತದೆ. ಬೆಲೆ ಎಲ್ಲಕ್ಕಿಂತ ಕೊನೆ. ಮಾಡಿದವರಿಗೂ ಅದು ವೇದಿಕೆಯ ಮೇಲೆ ಹೇಳಿದಾಗಲೇ ಗೊತ್ತಾಗುವುದು. ಕೊಳ್ಳುವವನು ಕಿವಿ ಕೊಡುವುದು ಯಾವುದಕ್ಕೆ? ಬೆಲೆಗೆ.

ಆ ಹದಿನೆಂಟರ ಗುಟ್ಟೂ ಅಲ್ಲೇ ಬಿಚ್ಚಿಕೊಂಡಿತು. 5070ರ ಮೇಲೆ ನೆನಪಿನ ಚಿಪ್ಪುಗಳು ಆರು, ಒಂದೊಂದೂ 2 ಜಿಬಿ, ಒಟ್ಟು 12. ಜಿಡಿಡಿಆರ್7ರಲ್ಲಿ 3 ಜಿಬಿಯ ಚಿಪ್ಪುಗಳು ಬಂದಿದ್ದವು. ಆರು ಮೂರಲ ಹದಿನೆಂಟು. ಅಳಿಯ ನಾಲ್ಕು ತಿಂಗಳಿಂದ ಗೂಢಚಾರರ ವರದಿಯೆಂದು ಓದುತ್ತಿದ್ದದ್ದು ಮಗ್ಗಿ. ಊಹೆ ಚೆನ್ನಾಗಿಯೇ ಇತ್ತು, ನಾನಾದರೂ ಹಾಗೇ ಊಹಿಸುತ್ತಿದ್ದೆ. ಅಷ್ಟರಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ನೆನಪಿನ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದವು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನೇ ನಿಲ್ಲಿಸುವುದಾಗಿ ಹೇಳಿತು. ರ‍್ಯಾಮಿನ ಬೆಲೆ ಏರಿತು. 2026ರ ಜನವರಿಯ ಸಿಇಎಸ್‌ನಲ್ಲಿ ಎನ್ವಿಡಿಯಾ ಹೊಸ ಗ್ರಾಫಿಕ್ಸ್ ಕಾರ್ಡ್ ಒಂದನ್ನೂ ಪ್ರಕಟಿಸಲಿಲ್ಲ. ಮರುದಿನ ಅದೇ ಬರಹಗಾರರು ಏನು ಬರೆದರೆಂದು ಹುಡುಕಿದೆ. ವರ್ಷದ ಕೊನೆಯ ಹೊತ್ತಿಗೆ ಬರಲಿದೆ ಎನ್ನಲಾಗಿದೆ.

ನಾನು ಶಾಲೆಗೆ ಹೋಗುತ್ತಿದ್ದ ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ರಾತ್ರಿ ದೆವ್ವವೊಂದು ಮನೆಯವರ ದನಿಯಲ್ಲೇ ಕರೆಯುತ್ತದಂತೆ, ಬಾಗಿಲು ತೆರೆದರೆ ಸತ್ತರಂತೆ, ಇದನ್ನು ಓದಿದರೆ ಹಿಂದಿರುಗುತ್ತದಂತೆ. ನಮ್ಮ ಬೀದಿಯಲ್ಲೂ ಇತ್ತು, ನಮ್ಮ ಬಾಗಿಲಲ್ಲೂ ಇತ್ತು, ಅಪ್ಪ ನಗುತ್ತಲೇ ಬರೆದಿದ್ದರು. ಆ ಗಾಳಿಸುದ್ದಿ ತನ್ನ ಮದ್ದನ್ನೂ ಜೊತೆಗೇ ತಂದಿತ್ತು, ಒಂದು ಸೀಮೆಸುಣ್ಣದ ಖರ್ಚಿನಲ್ಲಿ. ಈಗ ಬಾಗಿಲು ತಟ್ಟುವವರು ನಾವು. ಒಳಗಿನವರು ಬರೆದು ತೂಗುಹಾಕಿದ್ದನ್ನು ಓದಿ ದಿನವೂ ವಾಪಸಾಗುತ್ತೇವೆ.

ಕಂಪನಿಗಳ ಪರ ಮಾತಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಅಧಿಕೃತ ಮಾತನ್ನು ಕೇಳಿ, ವದಂತಿ ಬಿಡಿ ಎನ್ನುವವರ ಬಗ್ಗೆ ನನಗೆ ಅನುಮಾನವೇ ಹೆಚ್ಚು. 2025ರ ಜನವರಿಯಲ್ಲಿ ಎನ್ವಿಡಿಯಾದ ಜೆನ್ಸನ್ ಹುವಾಂಗ್ ವೇದಿಕೆಯ ಮೇಲೆ ನಿಂತು, 549 ಡಾಲರಿನ 5070ಕ್ಕೆ 4090ರ ಸಾಮರ್ಥ್ಯವಿದೆ ಎಂದರು. ಕಾರ್ಡು ನಿಜವಾಗಿ ಬಿಡಿಸುವ ಚಿತ್ರಗಳ ನಡುವೆ ಕೃತಕ ಬುದ್ಧಿಮತ್ತೆಯಿಂದ ಊಹಿಸಿದ ಚಿತ್ರಗಳನ್ನು ತುರುಕಿ ಎಣಿಸಿದ ಸಾಮರ್ಥ್ಯ ಅದು. ಅಳಿಯನ ಮಳೆಗೆ ಅದರಿಂದ ಒಂದು ಹನಿಯ ಉಪಯೋಗವೂ ಇಲ್ಲ. 2022ರಲ್ಲಿ ಇದೇ ಕಂಪನಿ 4080 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡು ಪ್ರಕಟಿಸಿತು, 16 ಜಿಬಿಯದೊಂದು, 12 ಜಿಬಿಯದೊಂದು. ವ್ಯತ್ಯಾಸ ನೆನಪಿನದಷ್ಟೇ ಅಲ್ಲ, ಒಳಗಿನ ಚಿಪ್ಪೇ ಬೇರೆ. ಜನ ಗಲಾಟೆ ಎಬ್ಬಿಸಿದರು, ಅಕ್ಟೋಬರ್ 14ರಂದು 12 ಜಿಬಿಯದನ್ನು ಕಂಪನಿ ಹಿಂತೆಗೆದುಕೊಂಡಿತು. ಒಳಚಿಪ್ಪುಗಳ ಸಂಕೇತನಾಮಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದ ಓದುಗ ಸಮೂಹವೊಂದು ಇದ್ದದ್ದರಿಂದಲೇ ಈ ಮೋಸ ಅಷ್ಟು ಬೇಗ ಬಯಲಾದದ್ದು. ವದಂತಿ ಸಾಕಿದ ಓದುಗರು ಅವರು. ಇದು ಆ ಪ್ರಕಾರದ ದೊಡ್ಡ ಸಾಧನೆ. ಹಾಗಾಗಿ ಅದು ತೊಲಗಲಿ ಎಂದು ನಾನು ಕೇಳುವುದಿಲ್ಲ. ಬಾಯಲ್ಲಿದ್ದ ಅಂತೆಯನ್ನು ಬರಹದಲ್ಲೂ ಉಳಿಸಿಕೊಳ್ಳಲಿ, ಅಷ್ಟು ಸಾಕು. ಬರಲಿದೆ ಬೇಡ, ಬರುತ್ತಂತೆ ಎಂದೇ ಅಚ್ಚಾಗಲಿ. ಓದುವ ಹುಡುಗನಿಗೆ ಯಾರಂತೆ ಎಂದು ಕೇಳಲು ಒಂದು ಸಂದು ಸಿಗುತ್ತದೆ.

ಚಿತ್ರ ಏನಾಯಿತು ಎಂದು ಕೇಳುತ್ತೀರಿ. ಕಾಲೇಜಿನ ಪ್ರಯೋಗಾಲಯದಲ್ಲಿ ರಾತ್ರಿ ಪಾಳಿ ಹಿಡಿದು ಮುಗಿಸಿದ. ಹನಿಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡಿದ್ದರಿಂದ ಲಾಲ್‌ಬಾಗಿನ ಮೇಲೆ ಈಗ ತುಂತುರು ಬೀಳುತ್ತದೆ. ನನಗೆ ಚೆನ್ನಾಗಿದೆ ಅನ್ನಿಸಿತು, ಅವನಿಗೆ ಇಲ್ಲ. ಚೀಟಿ ಹಣ ಅಷ್ಟು ದಿನ ಸುಮ್ಮನೆ ಕೂರುತ್ತದೆಯೇ? ಸಂಕ್ರಾಂತಿಯ ಹೊತ್ತಿಗೆ ಬೋರ್‌ವೆಲ್ ಮೋಟರ್ ಸುಟ್ಟು ಹದಿನೆಂಟು ಸಾವಿರ ಅದರಲ್ಲಿ ಹೋಯಿತು. ಹದಿನೆಂಟು ಎಂಬ ಅಂಕಿ ಕೇಳಿದರೆ ಈಗ ಅಕ್ಕ ಸಿಡುಕುತ್ತಾಳೆ.

ಫೆಬ್ರುವರಿಯ ಒಂದು ಶನಿವಾರ ಇಬ್ಬರೂ ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿಳಿದು ಎಸ್‌ಪಿ ರಸ್ತೆಗೆ ನಡೆದೆವು. ಕಡಿಮೆಯಾದದ್ದನ್ನು ನಾನು ತುಂಬಿಕೊಡುವುದೆಂದು ಮಾತಾಗಿತ್ತು. ಮೂರನೆಯ ಅಂಗಡಿಯಲ್ಲಿ 5070 ಇತ್ತು. ಹುಡುಗ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದುದನ್ನು ಕಂಡು ಅಂಗಡಿಯವರು, "ಯೋಚನೆ ಮಾಡ್ಬೇಡಿ ಸಾರ್, ಮುಂದಿನ ವಾರದಿಂದ ರೇಟು ಜಾಸ್ತಿ ಆಗುತ್ತಂತೆ" ಎಂದರು.

ಅವನು ಡಬ್ಬಿ ಕೆಳಗಿಟ್ಟ.

"ಯಾರು ಹೇಳಿದ್ರು?"

"ಎಲ್ಲಾ ಹೇಳ್ತಾವ್ರೆ" ಎಂದು ಅವರು ಬಿಲ್ ಪುಸ್ತಕ ತೆಗೆದರು.